ಕಣ್ಣಳತೆಯ ಹಡಗು

ರಷ್ಯಾದ ದೊರೆ ಪೀಟರ್ ಹಡಗು ಕಟ್ಟುವ ವಿದ್ಯೆ ಕಲಿಯಲೆಂದು 1697ರಲ್ಲಿ ಹಾಲೆಂಡಿಗೆ ಬಂದ. ದೊರೆಯೆಂದು ಹೇಳಿಕೊಳ್ಳದೆ ಬಂದ. ಮೊದಲು ಇಳಿದುಕೊಂಡದ್ದು ಜಾನ್‌ಡಾಮ್ ಎಂಬ ಊರಿನ ಪುಟ್ಟ ಮರದ ಮನೆಯಲ್ಲಿ. ಆ ಮನೆ ಇವತ್ತಿಗೂ ಇದೆ, ಟಿಕೆಟ್ ಕೊಟ್ಟು ನೋಡಬಹುದು. ಆರೂವರೆ ಅಡಿ ಮೀರಿದ ಆಳು ಎಷ್ಟು ದಿನ ಗುಟ್ಟಾಗಿ ಇದ್ದಾನು? ಜನ ಮುತ್ತಿಕೊಂಡರು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾರ್ಡಿನಲ್ಲಿ ತಿಂಗಳುಗಟ್ಟಲೆ ಕೊಡಲಿ ಹಿಡಿದು ದುಡಿದ. ಗೆರಿಟ್ ಕ್ಲಾಸ್ ಪೋಲ್ ಎಂಬ ಮೇಸ್ತ್ರಿ ಅವನಿಗೆ ಕೆಲಸ ಕಲಿತದ್ದಕ್ಕೆ ಪ್ರಮಾಣಪತ್ರವನ್ನೂ ಬರೆದುಕೊಟ್ಟ. ಆದರೂ ದೊರೆಗೆ ತೃಪ್ತಿಯಾಗಲಿಲ್ಲ. ಹಡಗಿನ ಹೊಟ್ಟೆ ಇಲ್ಲಿ ಇಷ್ಟೇ ಯಾಕೆ ಉಬ್ಬಬೇಕು ಎಂದು ಕೇಳಿದರೆ ಕಾಗದದ ಮೇಲೆ ಗೆರೆ ಎಳೆದು ತೋರಿಸುವವರು ಅಲ್ಲಿ ಯಾರೂ ಇರಲಿಲ್ಲ. ಅದನ್ನು ಕಲಿಯಲು ಅವನು 1698ರ ಜನವರಿಯಲ್ಲಿ ಇಂಗ್ಲೆಂಡಿಗೆ ಹೊರಟುಹೋದ.

ಹಾಗಂತ ಡಚ್ಚರು ಹಡಗಿನ ವಿಷಯದಲ್ಲಿ ಹಿಂದುಳಿದವರೇನಲ್ಲ. ಆ ಶತಮಾನದಲ್ಲಿ ಸಮುದ್ರದ ಮೇಲೆ ಸರಕು ಸಾಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. 1602ರಲ್ಲಿ ಹುಟ್ಟಿದ ಅವರ ಕಂಪನಿ ಬಾಗಿಲು ಹಾಕುವುದರೊಳಗೆ ಏಷ್ಯಾದ ಕಡೆಗೆ ಹೊರಟ ಯಾನಗಳು ಸುಮಾರು 4,700. ಕುಂದಾಪುರದ ಹತ್ತಿರದ ನಮ್ಮ ಬಸರೂರಿನಲ್ಲೂ ಒಂದು ಕಾಲಕ್ಕೆ ಅವರ ವ್ಯಾಪಾರದ ಕೋಠಿ ಇತ್ತು. ಅಕ್ಕಿ, ಕಾಳುಮೆಣಸು ಕೊಳ್ಳಲು ಅಲ್ಲಿಯವರೆಗೆ ಬಂದ ಹಡಗುಗಳ ಹಿಂದೆ ನಕ್ಷೆ ಎಂಬುದೇ ಇರಲಿಲ್ಲ.

ನನಗೆ ಇದು ಆಶ್ಚರ್ಯವೆನಿಸಲಿಲ್ಲ. ನಾನು ಗಂಗೊಳ್ಳಿಯವನು, ದೋಣಿ ಕಟ್ಟುವ ಆಚಾರಿಯ ಮಗ. ಅಪ್ಪ ಮೀನಿನ ದೋಣಿಗಳನ್ನೂ, ತಾರುಣ್ಯದಲ್ಲಿ ತಮ್ಮ ಅಪ್ಪನ ಜತೆ ಹೆಂಚು, ಅಕ್ಕಿ, ಉಪ್ಪು ಹೊರುವ ಮಂಜಿಗಳನ್ನೂ ಕಟ್ಟಿದವರು. ಅವರ ಬಳಿ ಬಾಚಿ, ಉಳಿ, ಕೊಡತಿ, ಬೈರಿಗೆ ಎಲ್ಲ ಇತ್ತು. ನಕ್ಷೆ ಮಾತ್ರ ನಾನು ನೋಡಿಲ್ಲ. ನಾನೋ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ನೆದರ್‌ಲ್ಯಾಂಡ್ಸಿನ ಆಲ್ಮೇರೆ ಎಂಬ ಊರಿನಲ್ಲಿ ಉಕ್ಕಿನ ಸೇತುವೆಗಳ ನಕ್ಷೆ ಬರೆಯುವ ಕೆಲಸಕ್ಕೆ ಬಂದೆ. ನಕ್ಷೆಯಿಲ್ಲದೆ ಒಂದು ಬೋಲ್ಟನ್ನೂ ತಿರುಗಿಸದ ಜನರ ನಡುವೆ ಕೂತಾಗೆಲ್ಲ ಅಪ್ಪನ ಮಾತು ಕೇಳಿಸುತ್ತಿತ್ತು: "ಅಳತಿ ಕೋಲಂಗಿಲ್ಲ ಮಗಾ, ಕಣ್ಣಂಗಿತ್ತ್." ಅದು ಹಳೆಯ ತಲೆಯವರ ಬಡಾಯಿ ಎಂದುಕೊಂಡಿದ್ದೆ. ಆಲ್ಮೇರೆಯಿಂದ ರೈಲಿನಲ್ಲಿ ತುಸು ದೂರದ ಲೇಲಿಸ್ಟಾಡಿಗೆ ಹೋಗಿ 'ಬಟಾವಿಯಾ' ಹಡಗನ್ನು ನೋಡಿದ ಮೇಲೆ ಹಾಗನ್ನುವುದು ಬಿಟ್ಟೆ.

ಸಮುದ್ರದ ತಳದಲ್ಲಿ ಒಂದು ಯಾರ್ಡ್

ಲೇಲಿಸ್ಟಾಡ್ ಇರುವ ಜಾಗ ನೂರು ವರ್ಷದ ಹಿಂದೆ ನೀರಿನ ತಳ. 1932ರಲ್ಲಿ ಡಚ್ಚರು ಒಂದು ಉದ್ದ ದಂಡೆ ಕಟ್ಟಿ ಸಮುದ್ರದ ಕೊಲ್ಲಿಯೊಂದನ್ನು ಸರೋವರ ಮಾಡಿದರು. ಆಮೇಲೆ ಅದರೊಳಗೆ ಒಡ್ಡು ಹಾಕಿ, ನೀರು ಪಂಪ್ ಮಾಡಿ ಹೊರಚೆಲ್ಲಿ, ಫ್ಲೇವೊಲ್ಯಾಂಡ್ ಎಂಬ ಪ್ರಾಂತವನ್ನೇ ಎತ್ತಿ ನಿಲ್ಲಿಸಿದರು. ಈ ಯೋಜನೆಯ ರೂವಾರಿ ಕಾರ್ನೆಲಿಸ್ ಲೇಲಿಯ ಹೆಸರೇ ಊರಿಗೆ. ನೀರು ಹೋಗಿ ನೆಲ ಒಣಗಿದಾಗ ಹೊಲಗಳ ನಡುವೆ ಮುಳುಗಿದ ಹಡಗುಗಳು ಸಿಕ್ಕವು. ಒಂದೆರಡಲ್ಲ, ನಾನೂರಕ್ಕೂ ಹೆಚ್ಚು. ಕಾಲುವೆ ತೋಡುವವರಿಗೆ, ಉಳುವವರಿಗೆ ಮಣ್ಣಿನಲ್ಲಿ ಓಕ್ ಮರದ ಪಕ್ಕೆಗಳು ತಗಲುತ್ತಿದ್ದವು. ಹೆಚ್ಚಿನವು ಕಲ್ಲಿದ್ದಲಿನ ಹಾಗೆ ಉರಿಸುವ ಜೌಗುಮಣ್ಣು, ಇಟ್ಟಿಗೆ, ಧಾನ್ಯ, ಮೀನು ಹೊರುತ್ತಿದ್ದ ಸಾಮಾನ್ಯ ದೋಣಿಗಳು. ಹಳೆಯ ಡಚ್ ಆಚಾರಿಗಳು ಬರೆದಿಡದೆ ಹೋದದ್ದನ್ನು ಆ ಮರಗಳು ಒಪ್ಪಿಸಿದವು.

ಈ ಊರಿನ ನೀರಿನಂಚಿನಲ್ಲಿ 1985ರ ಅಕ್ಟೋಬರ್ 4ರಂದು ವಿಲ್ಲೆಮ್ ವೋಸ್ ಎಂಬ ಮರದ ದೋಣಿ ಕಟ್ಟುವ ಮೇಸ್ತ್ರಿ ಒಂದು ಹಡಗಿನ ಅಡಿಮರ ಇಟ್ಟರು. 1628ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಟ್ಟಿ ಏಷ್ಯಾಕ್ಕೆ ಕಳಿಸಿದ 'ಬಟಾವಿಯಾ' ಎಂಬ ಸರಕು ಹಡಗನ್ನು ಮತ್ತೆ ಹಾಗೆಯೇ ಕಟ್ಟುವುದು ಅವರ ಹಟ. ಹಾಲೆಂಡಿನಲ್ಲಿ ಕೆಲಸವಿಲ್ಲದ ಯುವಕರ ಸಂಖ್ಯೆ ದೊಡ್ಡ ಸಮಸ್ಯೆಯಾಗಿದ್ದ ವರ್ಷಗಳು ಅವು. ಅವರಿಗೆ ಮರಗೆಲಸ, ಕಮ್ಮಾರಿಕೆ, ಹಗ್ಗ–ಹಾಯಿಯ ಕೆಲಸ ಕಲಿಸುವ ತರಬೇತಿ ಕೇಂದ್ರವಾಗಿಯೇ ಯಾರ್ಡ್ ನಡೆಯಿತು. ಹತ್ತು ವರ್ಷ ಹಿಡಿಯಿತು. 1995ರ ಏಪ್ರಿಲ್ 7ರಂದು ರಾಣಿ ಬೀಟ್ರಿಕ್ಸ್ ಹಡಗನ್ನು ನೀರಿಗಿಳಿಸಿದರು. ಉದ್ದ 56.6 ಮೀಟರ್, ಅಗಲ 10.5 ಮೀಟರ್, ಹಾಯಿಕಂಬದ ತುದಿ 55 ಮೀಟರ್ ಎತ್ತರದಲ್ಲಿ. ಮೂತಿಯಲ್ಲಿ ಸಿಂಹ, ಹಿಂಭಾಗದಲ್ಲಿ ಕೆತ್ತನೆ, ಬಣ್ಣ. ಹಿಂದಿನವರು ಇಂಥ ಹಡಗನ್ನು ವರ್ಷದೊಳಗೆ ಮುಗಿಸುತ್ತಿದ್ದರು. ಈಗ ಹತ್ತು ವರ್ಷ ಯಾಕೆ ಬೇಕಾಯಿತು? ಕಟ್ಟುವುದರ ಜತೆಗೆ ಕಲಿಯುವುದೂ ಸೇರಿತ್ತು. ಮೂಲ ಹಡಗಿನ ನಕ್ಷೆ ಕಳೆದುಹೋದದ್ದಲ್ಲ, ಹುಟ್ಟಿಯೇ ಇರಲಿಲ್ಲ.

ವೋಸ್ ಕೈಯಲ್ಲಿದ್ದದ್ದು ಎರಡು ಹಳೆಯ ಪುಸ್ತಕಗಳು, ಕೆಲವು ಚಿತ್ರಗಳು, ಆಸ್ಟ್ರೇಲಿಯಾದ ಬಳಿ ಸಮುದ್ರದಿಂದ ಎತ್ತಿದ ಮೂಲ ಹಡಗಿನ ಒಂದು ತುಂಡಿನ ವಿವರ, ಮತ್ತು ತಮ್ಮ ಕೈಯ ಅನುಭವ. ಮೊದಲ ಪುಸ್ತಕ 1671ರಲ್ಲಿ ನಿಕೋಲಾಸ್ ವಿಟ್ಸೆನ್ ಬರೆದದ್ದು. ಆತ ಬಡಗಿಯಲ್ಲ, ಕಾನೂನು ಓದಿದವನು, ಮುಂದೆ ಆಮ್‌ಸ್ಟರ್‌ಡ್ಯಾಮಿನ ಮೇಯರ್ ಆದವನು. ಪೀಟರ್ ದೊರೆಗೆ ಕಂಪನಿಯ ಯಾರ್ಡಿನಲ್ಲಿ ಜಾಗ ಕೊಡಿಸಿದ್ದೂ ಆತನೇ. ಎರಡನೆಯದು ಕಾರ್ನೆಲಿಸ್ ವಾನ್ ಐಕ್ ಎಂಬ ನಿಜವಾದ ಹಡಗು ಬಡಗಿ ಬರೆದದ್ದು, 1697ರಲ್ಲಿ, ಅಂದರೆ ದೊರೆ ಬಂದ ವರ್ಷವೇ.

ಮೊದಲು ಹಲಗೆ, ಆಮೇಲೆ ಪಕ್ಕೆ

ಹಡಗು ಕಟ್ಟುವುದು ಹೇಗೆ ಎಂದು ಯಾರನ್ನಾದರೂ ಕೇಳಿ. ಅಡಿಮರ ಇಟ್ಟು, ಅದಕ್ಕೆ ಪಕ್ಕೆಗಳನ್ನು ಜೋಡಿಸಿ, ಅವುಗಳ ಮೇಲೆ ಹಲಗೆ ಹೊಡೆಯುವುದು ಎನ್ನುತ್ತಾರೆ. ನಕ್ಷೆ ಇದ್ದರೆ ಹಾಗೆಯೇ. ಪಕ್ಕೆಯ ಆಕಾರವನ್ನು ಕಾಗದದ ಮೇಲೆ ಮೊದಲೇ ತೀರ್ಮಾನಿಸಿರುತ್ತಾರೆ. ಆದರೆ ವಿಟ್ಸೆನ್ ವಿವರಿಸಿದ ಆಮ್‌ಸ್ಟರ್‌ಡ್ಯಾಮ್ ಕಡೆಯ ಪದ್ಧತಿ ತಿರುವುಮುರುವು. ನಮ್ಮ ಕರಾವಳಿಯ ಹಳೆಯ ಪದ್ಧತಿಯೂ ಅದೇ. ಹಲಗೆಗಳೇ ಮೊದಲು ಏಳುತ್ತವೆ. ಆಕಾರ ನಿಂತ ಮೇಲೆ ಅದರ ಒಳಮೈಗೆ ಹೊಂದುವ ಹಾಗೆ ಪಕ್ಕೆಗಳನ್ನು ಕೆತ್ತಿ ಕೂರಿಸುತ್ತಾರೆ.

ಡಚ್ಚರ ಕ್ರಮ ಹೀಗಿತ್ತು. ಮರದ ತುಂಡುಗಳ ಮೇಲೆ ಅಡಿಮರ ಮಲಗಿಸುತ್ತಾರೆ. ಎರಡು ತುದಿಗೆ ಮೂತಿಮರ, ಹಿಂಬದಿಯ ಮರ ಎತ್ತಿ ನಿಲ್ಲಿಸುತ್ತಾರೆ. ಅಡಿಮರದ ಎರಡು ಪಕ್ಕದಲ್ಲಿ ತೋಡು ಕೊರೆದು ಮೊದಲ ಹಲಗೆ ಸೇರಿಸುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು, ಅಂಚಿಗೆ ಅಂಚು ತಾಗಿಸಿ. ಒಳಗೆ ಪಕ್ಕೆ ಇಲ್ಲವಲ್ಲ, ಹಲಗೆಗಳು ಯಾವುದನ್ನು ಹಿಡಿದು ನಿಲ್ಲಬೇಕು? ಅದಕ್ಕೆ ಉದ್ದ ಕೈಯ ಮರದ ಇಕ್ಕಳಗಳು, ಬೆಣೆಗಳು. ಸಂದಿಗೆ ಅಡ್ಡಲಾಗಿ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಮೊಳೆ ಹೊಡೆದು ಎರಡು ಹಲಗೆಗಳನ್ನು ತಾತ್ಕಾಲಿಕವಾಗಿ ಕಟ್ಟುತ್ತಾರೆ. ತಳ ಪೂರ್ತಿಯಾಗಿ, ಮಗ್ಗುಲು ಮೇಲಕ್ಕೆ ತಿರುಗುವ ಜಾಗ ಬಂದಾಗ ಮೇಸ್ತ್ರಿ ನಿಂತು ನೋಡುತ್ತಾನೆ. ಎಷ್ಟು ಚಪ್ಪಟೆ, ಎಷ್ಟು ಏರು ಎಂಬ ತೀರ್ಮಾನ ಆಗುವುದು ಅಲ್ಲಿ. ಒಪ್ಪಿಗೆಯಾದ ಮೇಲೆ ಅಡ್ಡ ಮರಗಳು ಕೂರುತ್ತವೆ, ಪಟ್ಟಿಗಳನ್ನು ಕಿತ್ತು ಹಾಕುತ್ತಾರೆ.

ಪಟ್ಟಿ ಕಿತ್ತ ಮೇಲೆ ಮೊಳೆ ಹೊಡೆದ ತೂತುಗಳು ಉಳಿಯುತ್ತವೆ. ನೀರು ನುಗ್ಗದಂತೆ ಅವುಗಳಿಗೆ ಕಡ್ಡಿಯಂಥ ಮರದ ಬೆಣೆ ಹೊಡೆದು ಸಮ ಮಾಡುತ್ತಾರೆ. ಈ ಕಡ್ಡಿಗಳೇ ಇವತ್ತಿನ ಪುರಾತತ್ವದವರಿಗೆ ಡಚ್ ಆಚಾರಿಯ ರುಜು. ಮಣ್ಣಿನಲ್ಲಿ ಸಿಕ್ಕ ಹಲಗೆಯ ಅಂಚಿನಲ್ಲಿ ಇಂಥ ಬೆಣೆಗಳ ಸಾಲು ಕಂಡರೆ, ಹಲಗೆ ಮೊದಲು ಎದ್ದ ಹಡಗು ಎಂದು ಓದುತ್ತಾರೆ. ಆಸ್ಟ್ರೇಲಿಯಾದ ಬಳಿ ಸಿಕ್ಕ ಮೂಲ ಬಟಾವಿಯಾದ ಹಲಗೆಗಳಲ್ಲೂ ಅವು ಇವೆ.

ದಪ್ಪ ಓಕ್ ಹಲಗೆಯನ್ನು ಬಗ್ಗಿಸುವುದು ಬೆಂಕಿಯಿಂದ. ಹಲಗೆಯ ಒಂದು ತುದಿಯನ್ನು ಬಿಗಿದು, ನಡುವಿಗೆ ಕೆಳಗಿನಿಂದ ಉರಿ ಕೊಟ್ಟು, ಮೇಲಿನ ಮೈಗೆ ನೀರು ಚಿಮುಕಿಸುತ್ತ, ಇನ್ನೊಂದು ತುದಿಗೆ ಭಾರ ಹೇರುತ್ತಾರೆ. ಗಂಟೆಗಳ ಕೆಲಸ. ಮರ ತಾನಾಗಿ ಇಳಿಯಬೇಕು. ಗಂಗೊಳ್ಳಿಯ ದಕ್ಕೆಯ ಪಕ್ಕದಲ್ಲಿ ತೆಂಗಿನ ಗರಿ, ಸಿಪ್ಪೆ ಉರಿಸಿ ಅಪ್ಪ ಮಾಡುತ್ತಿದ್ದದ್ದೂ ಇದನ್ನೇ. ಅವಸರ ಮಾಡಿದ ಹುಡುಗರಿಗೆ, "ಹಲ್ಗಿ ಬಿಸಿ ಆಪ್ದ್ರೊಳ್ಗೆ ಬಗ್ಸುಕೆ ಹೋಪುಕಾಗ" ಎಂದು ಗದರಿಸುವುದು. ಕರಕಲಾದ ಒಳಮೈಯನ್ನು ಡಚ್ ಹಲಗೆಗಳಲ್ಲಿ ಇವತ್ತೂ ನೋಡಬಹುದು.

ಹಲಗೆ ಬಗ್ಗುತ್ತದೆ, ಪಕ್ಕೆ ಬಗ್ಗುವುದಿಲ್ಲ. ಅದು ಹುಟ್ಟಿನಲ್ಲೇ ಬಾಗಿರಬೇಕು. ನೆಟ್ಟಗಿನ ಮರವನ್ನು ಬಾಗಿದಂತೆ ಕೊಯ್ದರೆ ಎಳೆ ಕಡಿದು ಬಲ ಹೋಗುತ್ತದೆ. ಆದ್ದರಿಂದ ಕೊಂಬೆ ಕವಲೊಡೆದ ಜಾಗ, ಗಾಳಿಗೆ ಬಾಗಿ ಬೆಳೆದ ಬೊಡ್ಡೆ ಇವನ್ನು ಹುಡುಕಿ ತರಬೇಕು. ಹಾಲೆಂಡಿನಲ್ಲಿ ಅಷ್ಟು ಕಾಡು ಎಲ್ಲಿ? ಮರ ಬರುತ್ತಿದ್ದದ್ದು ನಾರ್ವೆಯಿಂದ, ಬಾಲ್ಟಿಕ್ ತೀರದಿಂದ, ಜರ್ಮನಿಯಿಂದ. ರೈನ್ ನದಿಯಲ್ಲಿ ದಿಮ್ಮಿಗಳನ್ನು ತೆಪ್ಪ ಕಟ್ಟಿ ತೇಲಿಸಿ ತರುತ್ತಿದ್ದರು. ಮೂಲ ಬಟಾವಿಯಾದ ಮರದ ಬೆಳವಣಿಗೆಯ ಉಂಗುರಗಳನ್ನು ಅಳೆದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ವಿವರ ಇದು: ಹೊರಮೈಯ ಓಕ್ ಹಲಗೆಗಳು ಬಾಲ್ಟಿಕ್ ಮತ್ತು ಲ್ಯೂಬೆಕ್ ಕಡೆಯವು, ಪಕ್ಕೆಗಳು ಜರ್ಮನಿಯ ಲೋವರ್ ಸ್ಯಾಕ್ಸನಿ ಕಾಡಿನವು. ಹೊರಗೆ ನೆಟ್ಟಗಿನ ಮರ, ಒಳಗೆ ಬಾಗಿದ ಮರ. ಯಾವ ಕಾಡು ಯಾವುದಕ್ಕೆ ಎಂಬುದು ಯಾರ್ಡಿನವರಿಗೆ ಬಾಯಿಪಾಠ.

ಇನ್ನೊಂದು ಗುಟ್ಟು ಗರಗಸದಲ್ಲಿತ್ತು. ಗಾಳಿಯಂತ್ರದಿಂದ ಮರ ಕೊಯ್ಯುವ ಮಿಲ್ಲನ್ನು 1590ರ ದಶಕದಲ್ಲಿ ಕಾರ್ನೆಲಿಸ್ ಕಾರ್ನೆಲಿಸೋನ್ ಎಂಬ ರೈತ ಕಟ್ಟಿದ. ರೆಕ್ಕೆಗಳ ಸುತ್ತುಚಲನೆಯನ್ನು ಕ್ರ್ಯಾಂಕ್ ಮೂಲಕ ಗರಗಸದ ಮೇಲೆ–ಕೆಳಗಿನ ಚಲನೆಯಾಗಿ ಮಾಡಿದ್ದು ಅವನ ಜಾಣ್ಮೆ. ಆಮ್‌ಸ್ಟರ್‌ಡ್ಯಾಮಿನ ಕೈಗರಗಸದವರು ತಮ್ಮ ಹೊಟ್ಟೆಗೆ ಕಲ್ಲು ಬೀಳುತ್ತದೆಂದು ವಿರೋಧಿಸಿದರು. ಜಾನ್‌ಡಾಮ್ ಕಡೆಯವರು ಸ್ವಾಗತಿಸಿದರು, ಬೆಳೆದರು. ಜಾನ್‌ಡಾಮಿನ ಪಕ್ಕದ ಜಾನ್ಸೆ ಸ್ಖಾನ್ಸ್‌ನಲ್ಲಿ ಇವತ್ತೂ ಗಾಳಿ ಬೀಸಿದರೆ ದಿಮ್ಮಿ ಕೊಯ್ಯುವ ಮಿಲ್ಲುಗಳಿವೆ. ಕೈಯಲ್ಲಿ ಕಟ್ಟಿದ ಹಡಗು ಎನ್ನುವಾಗ ಇದನ್ನು ಮರೆಯಬಾರದು. ಹಲಗೆ ಕೊಯ್ದದ್ದು ಗಾಳಿ, ಆಕಾರ ಕೊಟ್ಟದ್ದು ಕೈ.

ಜೋಡಣೆಗೆ ಕಬ್ಬಿಣದ ಜತೆ ಓಕ್ ಮರದ ಗೂಟಗಳು. ತೂತು ಕೊರೆದು ಗೂಟ ಹೊಡೆದು, ಅದರ ತಲೆಗೆ ಮತ್ತೆ ಸಣ್ಣ ಬೆಣೆ ಹೊಡೆದರೆ ನೀರಲ್ಲಿ ಉಬ್ಬಿ ಬಿಗಿಯುತ್ತದೆ. ಸಂದಿಗಳಿಗೆ ಹಳೆಯ ಹಗ್ಗ ಬಿಚ್ಚಿದ ನಾರನ್ನು ಟಾರಿನಲ್ಲಿ ಅದ್ದಿ ಉಳಿಯಿಂದ ತುರುಕಿ, ಮೇಲೆ ಕಾಯಿಸಿದ ರಾಳ ಸುರಿಯುವುದು. ಅದಕ್ಕೂ ಹಿಂದಿನ ಕಾಲದಲ್ಲಿ ಪಾಚಿ ತುರುಕಿ, ಕಬ್ಬಿಣದ ಸಣ್ಣ ಕೊಂಡಿಗಳಿಂದ ಬಿಗಿಯುತ್ತಿದ್ದರು. ಕೊಂಡಿಯ ಆಕಾರ ನೋಡಿಯೇ ಹಡಗಿನ ವಯಸ್ಸು ಹೇಳುವವರು ಇಲ್ಲಿದ್ದಾರೆ. ನಮ್ಮಲ್ಲಿ ಹತ್ತಿ, ತೆಂಗಿನ ನಾರು, ರಾಳ, ಎಣ್ಣೆ. ಮೀನು ಹಿಡಿಯುವ ರಂಪಣಿ ದೋಣಿಗಳ ಹಲಗೆಗಳನ್ನಂತೂ ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು, ಮೊಳೆಯೇ ಇಲ್ಲ.

ಬಿಸಿ ದೇಶದ ಸಮುದ್ರದಲ್ಲಿ ಮರ ಕೊರೆಯುವ ಹುಳು ದೊಡ್ಡ ಶತ್ರು. ಏಷ್ಯಾಕ್ಕೆ ಹೋಗುವ ಹಡಗಿಗೆ ಡಚ್ಚರು ನೀರಿನೊಳಗಿನ ಭಾಗಕ್ಕೆ ಎರಡು ಪದರ ಓಕ್ ಹಲಗೆ ಹೊಡೆದು, ಅದರ ಮೇಲೆ ಟಾರು, ಪ್ರಾಣಿಯ ಕೂದಲು ಮೆತ್ತಿ, ಹೊರಗೆ ತೆಳು ಪೈನ್ ಹಲಗೆಯ ಇನ್ನೊಂದು ಮೈ ಕೊಡುತ್ತಿದ್ದರು. ಹುಳು ತಿನ್ನುವುದಾದರೆ ಅದನ್ನು ತಿನ್ನಲಿ ಎಂದು. ಗಂಗೊಳ್ಳಿಯಲ್ಲಿ ಮಳೆಗಾಲಕ್ಕೆ ಮಂಜಿಯನ್ನು ದಡಕ್ಕೆ ಎಳೆದು ಬುಡಕ್ಕೆ ಶಾಖ ಕೊಟ್ಟು ಸುಣ್ಣ, ಎಣ್ಣೆ ಬಳಿಯುತ್ತಿದ್ದರು. ಶತ್ರು ಒಬ್ಬನೇ, ಮದ್ದು ಬೇರೆ ಬೇರೆ.

ಹನ್ನೊಂದು ಅಂಗುಲದ ಅಡಿ

ನಕ್ಷೆ ಇಲ್ಲ ಎಂದರೆ ಲೆಕ್ಕ ಇಲ್ಲ ಎಂದಲ್ಲ. ವಿಟ್ಸೆನ್ ಪುಸ್ತಕದ ತುಂಬ ಲೆಕ್ಕ. ಹಡಗು ಮಾಡಿಸುವವನು ಉದ್ದ ಹೇಳಿದರೆ ಸಾಕು. ಮಿಕ್ಕದ್ದೆಲ್ಲ ಅದರಿಂದಲೇ ಹೊರಡುತ್ತದೆ. ಅಗಲ ಉದ್ದದ ಕಾಲು ಭಾಗದಷ್ಟು, ಆಳ ಹತ್ತನೆಯ ಒಂದರಷ್ಟು. ಉದ್ದದ ಪ್ರತಿ ಹತ್ತು ಅಡಿಗೆ ಮೂತಿಮರದ ದಪ್ಪ ಒಂದು ಅಂಗುಲ. ಮೂತಿಮರದ ದಪ್ಪದಿಂದ ಮಿಕ್ಕ ಮರಗಳ ದಪ್ಪ. ಮೇಸ್ತ್ರಿ ಇದರಿಂದ ಆಚೀಚೆ ಸರಿಯಬಹುದು, ಕಣ್ಣು ಹೇಳಿದಂತೆ.

ಆ ಅಡಿಯೂ ನಮ್ಮ ಇವತ್ತಿನ ಅಡಿಯಲ್ಲ. ಆಮ್‌ಸ್ಟರ್‌ಡ್ಯಾಮ್ ಅಡಿ ಎಂದರೆ ಸುಮಾರು 28.3 ಸೆಂಟಿಮೀಟರ್, ಅದರಲ್ಲಿ ಹನ್ನೊಂದು ಅಂಗುಲ. ಇದರಿಂದ ಏನಾಗಬಹುದು ಎಂಬುದಕ್ಕೆ ಸ್ಟಾಕ್‌ಹೋಮಿನಲ್ಲಿ ಸಾಕ್ಷಿ ಇದೆ. ಬಟಾವಿಯಾ ಕಟ್ಟಿದ 1628ರಲ್ಲೇ ಸ್ವೀಡನ್ನಿನ ಯುದ್ಧ ಹಡಗು 'ವಾಸಾ' ಮೊದಲ ಯಾನದಲ್ಲಿ ಬಂದರು ದಾಟುವ ಮೊದಲೇ ಮಗುಚಿತು. ಅದನ್ನು ಕಟ್ಟಲು ಶುರು ಮಾಡಿದ ಮೇಸ್ತ್ರಿ ಹೆನ್ರಿಕ್ ಹಿಬರ್ಟ್‌ಸನ್ ಹಾಲೆಂಡಿನವನು. 1961ರಲ್ಲಿ ಮೇಲೆತ್ತಿದಾಗ ಅದರೊಳಗೆ ಬಡಗಿಗಳ ಅಳತೆಗೋಲುಗಳು ಸಿಕ್ಕವು: ಕೆಲವು ಹನ್ನೆರಡು ಅಂಗುಲದ ಸ್ವೀಡಿಷ್ ಅಡಿ, ಕೆಲವು ಹನ್ನೊಂದು ಅಂಗುಲದ ಆಮ್‌ಸ್ಟರ್‌ಡ್ಯಾಮ್ ಅಡಿ. ಹಡಗಿನ ಎರಡು ಮಗ್ಗುಲು ಸಮವಾಗಿಲ್ಲ. ಮಗುಚಿದ್ದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಅತಿಭಾರ. ಆದರೂ ಕಣ್ಣಳತೆಯನ್ನು ಕೊಂಡಾಡುವಾಗ ವಾಸಾವನ್ನು ನೆನಪಿಟ್ಟುಕೊಳ್ಳಬೇಕು. ಒಬ್ಬ ಮೇಸ್ತ್ರಿಯ ಕಣ್ಣು ಹಡಗಿನ ಎರಡೂ ಕಡೆ ಇರುವವರೆಗೆ ಮಾತ್ರ ಆ ಪದ್ಧತಿ ನಿಲ್ಲುತ್ತದೆ.

ಸರಕಿಗೆ ತಕ್ಕ ಹೊಟ್ಟೆ

ಬಟಾವಿಯಾ ದೂರಪ್ರಯಾಣದ ಹಡಗು. ಸರಕು, ಸೈನಿಕರು, ಇಪ್ಪತ್ತನಾಲ್ಕು ಫಿರಂಗಿ. ಆದರೆ ಡಚ್ಚರ ನಿಜವಾದ ದುಡಿಮೆಗಾರ ಹಡಗು 'ಫ್ಲೂಟ್'. 1595ರಲ್ಲಿ ಹೋರ್ನ್ ಎಂಬ ಊರಿನಲ್ಲಿ ಮೊದಲು ಕಟ್ಟಿದ್ದು ಎನ್ನುತ್ತಾರೆ. ಹೊಟ್ಟೆ ದುಂಡು, ತಳ ಚಪ್ಪಟೆ, ಮೇಲಿನ ಅಟ್ಟ ಮಾತ್ರ ಇಕ್ಕಟ್ಟು. ಹಾಗೆ ಇಕ್ಕಟ್ಟಾಗಲು ಒಂದು ಕಾರಣ ಸುಂಕ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳಿಂದ ಡೆನ್ಮಾರ್ಕಿನ ದೊರೆ ಸುಂಕ ಎತ್ತುತ್ತಿದ್ದ; ಬಹುಕಾಲ ಅದರ ಲೆಕ್ಕದಲ್ಲಿ ಅಟ್ಟದ ಅಗಲವೂ ಸೇರಿತ್ತು. ಅಟ್ಟ ಕಿರಿದಾಗಿದ್ದರೆ ಸುಂಕ ಕಡಿಮೆ, ಕೆಳಗೆ ಎಷ್ಟು ಮರ, ಧಾನ್ಯ ತುಂಬಿದರೂ ಕೇಳುವವರಿಲ್ಲ! ರಾಟೆ–ಹಗ್ಗಗಳ ಅನುಕೂಲ ಮಾಡಿಕೊಂಡು ಕಡಿಮೆ ಆಳುಗಳಿಂದ ನಡೆಸಿದರು. ಸಂಬಳ ಉಳಿಯಿತು, ಬಾಡಿಗೆ ಇಳಿಯಿತು, ಯೂರೋಪಿನ ಸರಕೆಲ್ಲ ಡಚ್ ಹಡಗಿಗೆ ಬಂತು.

ಮೂಲ ಬಟಾವಿಯಾದ ಗತಿ ಮಾತ್ರ ಕೆಟ್ಟದಾಯಿತು. ಅದರ ಮುಖ್ಯಾಧಿಕಾರಿ ಫ್ರಾನ್ಸಿಸ್ಕೊ ಪೆಲ್ಸಾರ್ಟ್ ಆಗ್ರಾದ ಕೋಠಿಯಲ್ಲಿ ವರ್ಷಗಟ್ಟಲೆ ಇದ್ದು ಜಹಾಂಗೀರನ ಕಾಲದ ಹಿಂದುಸ್ತಾನದ ಬಗ್ಗೆ ಬರೆದವನು. ಬೆಳ್ಳಿ ನಾಣ್ಯಗಳ ಪೆಟ್ಟಿಗೆಗಳು, ಜಾವಾದ ಕೋಟೆಯ ಹೆಬ್ಬಾಗಿಲಿಗೆಂದು ಕೆತ್ತಿದ ನೂರಕ್ಕೂ ಹೆಚ್ಚು ಮರಳುಗಲ್ಲುಗಳು, ಸುಮಾರು 340 ಜನ ಇವೆಲ್ಲ ಹೊತ್ತು ಹೊರಟ ಹಡಗು 1629ರ ಜೂನ್ 4ರಂದು ಆಸ್ಟ್ರೇಲಿಯಾದ ಪಶ್ಚಿಮಕ್ಕಿರುವ ಹವಳದ ದಿಬ್ಬಕ್ಕೆ ಬಡಿಯಿತು. ಪೆಲ್ಸಾರ್ಟ್ ದೋಣಿಯಲ್ಲಿ ಜಾವಾಕ್ಕೆ ಸಹಾಯ ತರಲು ಹೋದಾಗ, ದ್ವೀಪದಲ್ಲಿ ಉಳಿದವರ ಮೇಲೆ ಯೆರೊನಿಮಸ್ ಕಾರ್ನೆಲಿಸ್ ಎಂಬವನ ಗುಂಪು ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಹಡಗಿನ ಅವಶೇಷ ಪತ್ತೆಯಾದದ್ದು 1963ರಲ್ಲಿ. ಅದರ ಹಿಂಭಾಗದ ಒಂದು ತುಂಡು ಈಗ ಫ್ರಿಮ್ಯಾಂಟಲ್ ಊರಿನ ಮ್ಯೂಸಿಯಮ್ಮಿನಲ್ಲಿದೆ.

ತಪ್ಪಿದ ಕೈ

ಪೀಟರ್ ದೊರೆ ಹೋದ ಮೂವತ್ತು ವರ್ಷಕ್ಕೆ ಆಮ್‌ಸ್ಟರ್‌ಡ್ಯಾಮಿನ ನೌಕಾಡಳಿತವೇ ಇಂಗ್ಲಿಷ್ ಮೇಸ್ತ್ರಿಗಳನ್ನು ಕರೆಸಿತು. ನಕ್ಷೆ ಬಂತು. ಒಂದೇ ನಕ್ಷೆಯಿಂದ ಹತ್ತು ಹಡಗು ಕಟ್ಟಬಹುದು, ಮೇಸ್ತ್ರಿ ಸತ್ತರೂ ಕೆಲಸ ನಿಲ್ಲದು. ಅದರ ಲಾಭವನ್ನು ನಾನು ಅಲ್ಲಗಳೆಯಲಾರೆ. ನನ್ನ ಅನ್ನವೇ ಅದು. ಆಮೇಲೆ ಕಬ್ಬಿಣ ಬಂತು, ಉಗಿ ಬಂತು. ಹಲಗೆಯಿಂದ ಆಕಾರ ಎಬ್ಬಿಸುವ ದೊಡ್ಡ ಹಡಗಿನ ವಿದ್ಯೆ ಸದ್ದಿಲ್ಲದೆ ಹೋಯಿತು. ಪುಸ್ತಕ ಉಳಿಯಿತು, ಓದಿದರೆ ಅರ್ಥವಾಗದು. ವಿಟ್ಸೆನ್ ಬರವಣಿಗೆ ಅಷ್ಟು ಸಿಕ್ಕುಸಿಕ್ಕು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಹಡಗಿನ ಮಾದರಿಗಳನ್ನು ರಿಪೇರಿ ಮಾಡುತ್ತಿದ್ದ ಆಬ್ ಹೋವಿಂಗ್ ಅದನ್ನು ಬಿಡಿಸಿದ ರೀತಿ ನನಗೆ ಇಷ್ಟ. ಪುಸ್ತಕದ ಮಾತನ್ನು ಹಂತಹಂತವಾಗಿ ಅನುಸರಿಸಿ ಅವರು ಹಡಗಿನ ಮಾದರಿಯನ್ನೇ ಕಟ್ಟಿ ನೋಡಿದರು. ಕೈ ಮಾಡಿದಾಗ ವಾಕ್ಯ ತಿಳಿಯಿತು.

ಅದಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ಆಸ್ಟ್ರೇಲಿಯಾದಲ್ಲಿ. 1606ರಲ್ಲಿ ಅಲ್ಲಿಗೆ ತಲುಪಿದ 'ಡೌಫ್ಕೆನ್' ಎಂಬ ಪುಟ್ಟ ಡಚ್ ಹಡಗಿನ ಪ್ರತಿರೂಪವನ್ನು ಫ್ರಿಮ್ಯಾಂಟಲ್‌ನಲ್ಲಿ 1997ರಿಂದ 1999ರವರೆಗೆ ಕಟ್ಟಿದರು. ಲಾಟ್ವಿಯಾದ ಓಕ್, ತೆರೆದ ಬೆಂಕಿಯ ಮೇಲೆ ಬಗ್ಗಿಸಿದ ಹಲಗೆ, ಪಕ್ಕೆಗಿಂತ ಹಲಗೆಯೇ ಮೊದಲು. ಅದರ ವಿನ್ಯಾಸ ಮಾಡಿದ ನಿಕ್ ಬರ್ನಿಂಗ್‌ಹ್ಯಾಮ್ ಇಂಡೋನೇಷ್ಯಾದ ಮರದ ದೋಣಿಗಳನ್ನು ಅಧ್ಯಯನ ಮಾಡಿದವರು. ಅಲ್ಲಿನ ಸುಲಾವೆಸಿ ದ್ವೀಪದ ತೀರದಲ್ಲಿ ಇವತ್ತಿಗೂ ಹಲಗೆಯನ್ನೇ ಮೊದಲು ಎಬ್ಬಿಸಿ ಸರಕು ದೋಣಿ ಕಟ್ಟುತ್ತಾರೆ. ಆ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಡಚ್ಚರು ಮರೆತದ್ದನ್ನು, ಅವರು ಒಂದು ಕಾಲಕ್ಕೆ ಆಳಿದ ದೇಶದ ಆಚಾರಿಗಳು ಮರೆತಿರಲಿಲ್ಲ.

ಇದೆಲ್ಲ ತಿಳಿದ ಮೇಲೆ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ: ಅಡಿಮರ ಇಷ್ಟು ಉದ್ದ ಇದ್ದರೆ ಮಂಜಿಯ ಅಗಲ ಎಷ್ಟಿರಬೇಕು? ವಿಟ್ಸೆನ್ ಹಾಗೆ ಒಂದು ಭಿನ್ನರಾಶಿ ಹೇಳುತ್ತಾರೆ, ಬರೆದುಕೊಳ್ಳೋಣ ಎಂದು ಪೆನ್ನು ಹಿಡಿದಿದ್ದೆ. ಅವರು ಕೇಳಿದ್ದು, "ಮಂಜಿ ಎಲ್ಲಿಗ್ ಹೋಪುದ್?" ಬೊಂಬಾಯಿಗೋ, ಲಕ್ಷದ್ವೀಪಕ್ಕೋ, ಬರೀ ಮಂಗಳೂರಿಗೋ. ಹೊರುವುದು ಹೆಂಚೋ, ಕೊಬ್ಬರಿಯೋ. ನಿಲ್ಲುವುದು ಯಾವ ಅಳಿವೆಯಲ್ಲಿ, ಅಲ್ಲಿ ಇಳಿತದಲ್ಲಿ ಎಷ್ಟು ನೀರು. ಇವಕ್ಕೆಲ್ಲ ಉತ್ತರ ಕೊಟ್ಟ ಮೇಲೆ ಅಳತೆ ಹೇಳಿದರು. ಒಂದಲ್ಲ, ಪ್ರತಿ ಸಂದರ್ಭಕ್ಕೆ ಒಂದು. ಸುಂಕಕ್ಕೆ ಹೆದರಿ ಅಟ್ಟ ಕಿರಿದು ಮಾಡಿದ ಹೋರ್ನ್‌ನ ಮೇಸ್ತ್ರಿಯೂ ಹೀಗೆಯೇ ಲೆಕ್ಕ ಹಾಕಿರಬೇಕು.

ನಮ್ಮ ತೀರದಲ್ಲಿ ಈಗ ಫೈಬರ್ ಮತ್ತು ಉಕ್ಕಿನ ಕಾಲ. ಫೈಬರ್ ದೋಣಿಗೆ ಹುಳು ಹಿಡಿಯದು, ಸಾಗುವಾನಿಯ ಬೆಲೆ ಕೊಡಬೇಕಿಲ್ಲ. ಮೀನುಗಾರ ಅದನ್ನು ಆರಿಸಿಕೊಂಡದ್ದು ಸರಿಯೇ. ಎಲ್ಲರೂ ಮರದ ದೋಣಿಗೆ ಮರಳಬೇಕು ಎಂದು ಹೇಳುವಷ್ಟು ದಡ್ಡ ನಾನಲ್ಲ. ಆದರೆ ವಿದ್ಯೆಯನ್ನು ಉಳಿಸುವುದು ಬೇರೆ ವಿಷಯ. ಹಳೆಯ ಆಚಾರಿಯನ್ನು ಕೂರಿಸಿ ವಿಡಿಯೊ ಮಾಡಿದರೆ ವಿದ್ಯೆ ಉಳಿಯಿತು ಎಂದುಕೊಳ್ಳುತ್ತೇವೆ. ವಿಟ್ಸೆನ್ ಮಾಡಿದ್ದೂ ಆ ಕಾಲದ ವಿಡಿಯೊವೇ. ನೂರಾರು ಪುಟ ಬರೆದ, ಚಿತ್ರ ಕೊಟ್ಟ. ಮುನ್ನೂರು ವರ್ಷದ ಮೇಲೆ ಅದನ್ನು ಓದಲು ಮತ್ತೆ ಬಾಚಿ ಹಿಡಿಯಬೇಕಾಯಿತು.

ಲೇಲಿಸ್ಟಾಡಿನಿಂದ ನಾನು ಕಲಿತದ್ದು ಇದು: ಕಟ್ಟುವ ವಿದ್ಯೆಯನ್ನು ಕಟ್ಟುತ್ತಲೇ ದಾಖಲಿಸಬೇಕು. ಹಾಗಂತ ದೊಡ್ಡ ಕನಸೂ ಬೇಡ. ಬಟಾವಿಯಾ ಮುಗಿದ ವರ್ಷವೇ ಅಲ್ಲಿ ಇನ್ನೂ ದೊಡ್ಡ ಯುದ್ಧ ಹಡಗೊಂದಕ್ಕೆ ಅಡಿಮರ ಇಟ್ಟರು, ಅದು ಅರ್ಧದಲ್ಲೇ ನಿಂತಿತು. ನಮಗೆ ಬೇಕಾದದ್ದು ಒಂದು ಸಣ್ಣ ಮಂಜಿ. ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಐದಾರು ಹುಡುಗ–ಹುಡುಗಿಯರು. ಅಳತೆ ಬರೆದುಕೊಳ್ಳಲು ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು. ಖರ್ಚು ಕೊಡುವ ಒಂದು ಇಲಾಖೆ ಅಥವಾ ಮುಂಬಯಿ, ದುಬೈಗಳಲ್ಲಿ ದುಡಿದ ನಮ್ಮದೇ ಊರಿನ ಕೆಲವರು. ಮತ್ತು "ಎಲ್ಲಿಗ್ ಹೋಪುದ್?" ಎಂದು ಕೇಳಬಲ್ಲ ಇಬ್ಬರು ಮೂವರು ಹಿರಿಯ ಆಚಾರಿಗಳು. ಮೊದಲ ನಾಲ್ಕನ್ನು ಹತ್ತು ವರ್ಷ ಬಿಟ್ಟರೂ ಹೊಂದಿಸಬಹುದು. ಕೊನೆಯದಕ್ಕೆ ಅಷ್ಟು ಪುರುಸೊತ್ತಿಲ್ಲ. ಅಪ್ಪನಿಗೆ ಎಂಬತ್ತು ದಾಟಿದೆ, ಅವರ ಜತೆಗಾರರಲ್ಲಿ ಹೆಚ್ಚಿನವರು ಈಗಿಲ್ಲ.